ನೊಲ್ಬೆರ್ತೊನ ಮುಚ್ಚುಗಲ್ಲು

ನೊಲ್ಬೆರ್ತೊನ ಶವಪೆಟ್ಟಿಗೆಯನ್ನು ಗೋರಿಯ ಗೂಡಿನೊಳಗೆ ತಳ್ಳಿ, ಹೊತ್ತು ತಂದ ನಾಲ್ವರೂ ಬೆನ್ನು ನೆಟ್ಟಗೆ ಮಾಡಿಕೊಂಡರು. ಇನ್ನು ಗೂಡಿನ ಬಾಯಿಗೆ ಮುಚ್ಚುಗಲ್ಲು ಬರಬೇಕಿತ್ತು. ಅದನ್ನು ತರಲು ಮನೆಗೆ ಹೋಗಿದ್ದ ತಮ್ಮ ಸೆನೋನ್ ಬರಿಗೈಯಲ್ಲಿ ಬಂದ.

"ಅತ್ತಿಗೆ, ಕಲ್ಲಿಲ್ಲ. ಕೊಟ್ಟಿಗೆ ಹಿಂದೆ ಬರೀ ಚೂರು ಬಿದ್ದಿವೆ."

ಯೂಡೋಸಿಯಾ ಗಂಡನ ಗೋರಿಯ ತೆರೆದ ಬಾಯಿಯತ್ತ ತಿರುಗಿದಳು. ಅವರ ಊರು ತೊಕೊನಾವೊದಲ್ಲಿ ಕಲ್ಲುಕುಟಿಗ ತನ್ನ ಗೋರಿಯ ಕಲ್ಲನ್ನು ತಾನೇ ಕಡಿದಿಡಬೇಕು, ಬೇರೆಯವರದು ನಡೆಯುವುದಿಲ್ಲ. ಹೊತ್ತು ಮುಳುಗುವಾಗ ಗೋರಿಯ ಬಾಯಿ ತೆರೆದಿದ್ದರೆ ಸತ್ತವನಿಗೆ ನಿದ್ದೆಯಿಲ್ಲ. ನಲವತ್ತೆರಡು ವರ್ಷ ಪಕ್ಕದಲ್ಲಿ ಗೊರಕೆ ಹೊಡೆದವನು ಇವತ್ತು ನಿದ್ದೆಗೆಡುವುದು ಅವಳಿಗೆ ಸಹಿಸಲಾಗದು.

ಅವನು ತನ್ನ ಗೋರಿಗೆಂದು ಮೊದಲು ಕಡಿದ ಕಲ್ಲು ಕಾಲುವೆಯಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಸವೆದಿತ್ತು. ಎರಡನೆಯದು ಶಾಲೆಯ ಮೆಟ್ಟಿಲಾಗಿ ಗಾರೆಯಲ್ಲಿ ಕೂತಿತ್ತು. ಮೂರನೆಯದು ಹೋದದ್ದು ಅವಳ ಕಣ್ಣೆದುರಿಗೇ. ನಾಲ್ಕನೆಯದನ್ನು ಕಡಿದಿಟ್ಟಿದ್ದೇನೆಂದು ಅವನು ಹೇಳಿದ್ದನ್ನು ನಂಬಿದ್ದೇ ತಪ್ಪಾಯಿತು.

*

ಮೂರನೆಯ ಕಲ್ಲು ಕೈಬಿಟ್ಟ ವರ್ಷ, ಸಂತ ಲೂಕನ ಹಬ್ಬಕ್ಕೆ ಒಂದೇ ದಿನವಿದ್ದಾಗ ಪಕ್ಕದ ಮನೆಯ ಹಿಲಾರಿಯಾಳ ರೊಟ್ಟಿ ಒಲೆಯ ಬಾಗಿಲುಗಲ್ಲು ಸಿಡಿದು ಎರಡಾಯಿತು. ಬೆಟ್ಟದ ಗುಪ್ಪೆಯಿಂದ ತಂದ ಕಲ್ಲದು. ನೊಲ್ಬೆರ್ತೊ ಬಿದ್ದು ಬಿದ್ದು ನಕ್ಕ. ಹಿಂದೆ ಬೆಟ್ಟ ಉಕ್ಕಿದಾಗ ಬಿಸಿ ಬೂದಿ ಊರಿನವರೆಗೂ ಹರಿದು ಬಂದು, ತನ್ನ ಕಾವಿಗೆ ತಾನೇ ಅಂಟಿಕೊಂಡು ತಾನು ಕಡಿಯುವ ಈ ಮೆತ್ತನೆಯ ಬಿಳಿಗಲ್ಲಾಯಿತಂತೆ. ಆಮೇಲೆ ಹರಿಯಲಾರದ ಮಂದ ಲಾವಾ ಮೇಲೆಯೇ ಗುಪ್ಪೆಯಾಗಿ ಕೂತಿತಂತೆ. ಗುಪ್ಪೆಯ ಕಲ್ಲು ಗಟ್ಟಿ, ಆದರೆ ಒಲೆಗೆ ಆಗಿಬರುವುದಿಲ್ಲ. ಬಿಳಿಗಲ್ಲಿಗೆ ಬಿಸಿ ಹಳೆಯ ನೆಂಟ ಎಂದು ಪಾಠ ಹೇಳಿ, ಹೆಸರು ಕೆತ್ತಿಟ್ಟಿದ್ದ ತನ್ನ ಕಲ್ಲನ್ನೇ ಹೊತ್ತು ಹೊರಟ.

"ನಾಳೆ ನಿಮಗೇ ಬೇಕಾದ್ರೆ?" ಎಂದಳು ಯೂಡೋಸಿಯಾ.

"ನಾನೀಗ್ಲೇ ಸಾಯಲ್ಲ ಕಣೆ. ಅವಳ ರೊಟ್ಟಿ ನಾಳೇನೇ ಆಗ್ಬೇಕು."

*

ಈಗ ಹಿಲಾರಿಯಾ ತಲೆಯ ಮೇಲೆ ಕೈಹೊತ್ತಳು. ಕಲ್ಲು ಒಲೆಯ ಬಾಯಲ್ಲೇ ಇದೆ, ಒಳಗೆ ಸಾವಿನೂಟದ ರೊಟ್ಟಿ ಅರೆಬೆಂದಿದೆ. ತೆಗೆದರೆ ಅಷ್ಟೂ ಹಾಳು. ಸೆನೋನ್ ಕಲ್ಲು ಕಿತ್ತು ತರಲು ಓಡುವುದಕ್ಕೆ ತಯಾರಾದ. ಯೂಡೋಸಿಯಾ ಉಪ್ಪುಬಯಲಿನ ಮೇಲಿನ ಸೂರ್ಯನನ್ನು ನೋಡಿದಳು. ಮುಳುಗಲು ಗೇಣುದ್ದ ಉಳಿದಿತ್ತು.

"ರೊಟ್ಟಿ ಬೇಯ್ಲಿ," ಎಂದಳು. "ಬಂದೋರಿಗೆ ಹಸಿ ರೊಟ್ಟಿ ಹಾಕಿ ಕಳಿಸಿದ್ರೆ ನಿಮ್ಮಣ್ಣ ನನ್ನ ಸುಮ್ನೆ ಬಿಡ್ತಾರಾ?"

ಹಿಲಾರಿಯಾ, ಸೆನೋನ್ ಒಲೆಯ ಕಡೆ ಹೋದರು, ಉಳಿದವರು ಗೋರಿಗಳ ನಡುವೆ ಕೂತರು. ಅವನು ಯಾರ್‍ಯಾರಿಗೆ ಏನೇನು ಕೊಟ್ಟನೆಂದು ಹೇಳಿಕೊಂಡು ನಕ್ಕರು. ಯೂಡೋಸಿಯಾಳೂ ನಕ್ಕಳು, ಆದರೆ ಅವಳ ಕಣ್ಣು ಸೂರ್ಯನನ್ನು ಬಿಡಲಿಲ್ಲ.

ಸೂರ್ಯ ಬಯಲಿಗೆ ತಾಗುವಷ್ಟರಲ್ಲಿ ಸೆನೋನ್ ಮತ್ತು ಇನ್ನೊಬ್ಬ ಕಲ್ಲನ್ನು ಗೋಣಿಯಲ್ಲಿ ಸುತ್ತಿ ಏದುಸಿರು ಬಿಡುತ್ತ ತಂದರು. ಹಿಂದೆಯೇ ಹಿಲಾರಿಯಾ ರೊಟ್ಟಿಬುಟ್ಟಿ ಹೊತ್ತು ಬಂದಳು. ಕಲ್ಲು ಕೂದಲೆಳೆಯ ಸಂದೂ ಬಿಡದೆ ಕೂತಿತು. ಯೂಡೋಸಿಯಾ ಶಾಲಿನ ತುದಿಯಿಂದ ಮಸಿ ಒರೆಸಿದಳು, ಹೆಸರು ಕಾಣಿಸಿತು. ಅವಳಿಗೆ ಅಳು ಬಂತು, ಹಗುರವೂ ಆಯಿತು. ಬೆಟ್ಟದ ಕಡೆಯಿಂದ ಕೊರೆಯುವ ಗಾಳಿ ಎದ್ದಿತ್ತು. ಅವಳು ಕಲ್ಲಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

"ಅಕ್ಕಾ, ಸ್ವಲ್ಪ ಜರುಗು," ಎಂದಳು ಹಿಲಾರಿಯಾ. "ನನ್ನ ಕೈಯೂ ಮರಗಟ್ಟಿದೆ."

ಬಂದವರೆಲ್ಲ ರೊಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ನೊಲ್ಬೆರ್ತೊನ ಗೋರಿಗೆ ಅಂಗೈ ಕಾಯಿಸಿಕೊಳ್ಳಲು ಸಾಲುಗಟ್ಟಿ ನಿಂತರು.