ಕಣ್ಣಿಗೆ ಕಾಣದ ಗಂಟು

ಕೆಂಪು, ಆಮೇಲೆ ಹಸಿರು, ಆಮೇಲೆ ನೀಲಿ, ಅಂಗೈ ಮೇಲೆ ಬಣ್ಣ ಬಂದು ಬಂದು ಹೋಗುತ್ತಿದೆ, ಬಿಸಿನೀರಿನಲ್ಲಿ ರೇಷ್ಮೆ ಗೂಡು ಬೇಯಿಸಿ ಬೇಯಿಸಿ ಉಬ್ಬಿದ ಬೆರಳು ನೀಲಿ ಬಿದ್ದಾಗ ಹೆಣದ ಬೆರಳಾಗುತ್ತದೆ — ಥೂ, ಹೊಸ ವರ್ಷದ ಸಂಜೆ ಎಂಥ ಮಾತು, ಇದು ಚನ್ನಕೇಶವನ ದೀಪ, ನಿನ್ನೆ ಮೊನ್ನೆವರೆಗೂ ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದವನು ಈಗ ಬೆಂಗಳೂರಿನಿಂದ ತಿರುಗುವ ದೀಪ, ಎರಡು ಕ್ಯಾಸೆಟ್ ನುಂಗುವ ಡೆಕ್ಕು, ಎದೆಗೆ ಗುದ್ದುವ ಸ್ಪೀಕರ್ ಎಲ್ಲ ತಂದು ಕಲ್ಯಾಣ ಮಂಟಪದ ಬಾಗಿಲಲ್ಲಿ ಬೋರ್ಡು ಬರೆಸಿದ್ದಾನೆ, ಲೈವ್ ಆರ್ಕೆಸ್ಟ್ರಾ ಮತ್ತು ಡಿ.ಜೆ., ನಮ್ಮ ಶಿಡ್ಲಘಟ್ಟಕ್ಕೆ ಡಿ.ಜೆ. ಅಂದರೆ ಏನು ಗೊತ್ತು, ಬೆಳಿಗ್ಗೆ ಟೀ ಅಂಗಡಿಯ ಬಯ್ಯಪ್ಪ ಕೇಳಿದ, ಏನ್ ವಜೀರಣ್ಣ, ಮಂಟಪದಾಗೆ ಡೀಸೆಲ್ ಇಂಜಿನ್ ಇಕ್ತಾರಂತೆ ನಿಜಾನಾ, ನಗು ಬಂತು, ಮನೆಗೆ ಹೋಗಿ ಗೌಹರ್‌ಗೆ ಹೇಳಬೇಕು ಅಂದುಕೊಂಡೆ, ಅಂದುಕೊಂಡು ಎರಡು ಹೆಜ್ಜೆ ಹಾಕಿದ ಮೇಲೆ ನೆನಪಾಯಿತು. ತಂಗಿ ಹೋಗಿ ವರ್ಷವಾಗುತ್ತ ಬಂತು, ಕಾಮಾಲೆ ಕಣ್ಣಿಗೇರಿತು, ನಾಟಿ ಔಷಧಿ ಅಂತ ಕೆಂಚಾರ್ಲಹಳ್ಳಿಗೆ ಓಡಾಡಿದ್ದೇ ಬಂತು, ಆದರೂ ಕಾಲು ಮಾತ್ರ ಇವತ್ತಿಗೂ ಅವಳಿಗೆ ಏನಾದರೂ ಹೇಳಲು ಮನೆ ಕಡೆ ಹೊರಡುತ್ತದೆ. ಈಗ ಅವಳು ನನ್ನ ಅಂಗಿ ಜೇಬಿನಲ್ಲಿದ್ದಾಳೆ, ಒಂದು ಕ್ಯಾಸೆಟ್, ಒಂದೇ ಹಾಡು, ಮಿಕ್ಕಿದ್ದೆಲ್ಲ ಖಾಲಿ, ಸ್ಟೇಜ್ ಹತ್ತಬಾರದು ಅಂತ ಅಬ್ಬಾ ಹೇಳಿದ್ದರಲ್ಲ, ಹೆಣ್ಣುಮಗಳ ದನಿ ಹೊಸಿಲು ದಾಟಬಾರದು ಅಂತ, ಆರ್ಕೆಸ್ಟ್ರಾದ ಖಾಜಾ ಪೀರ್ ಮಾಸ್ಟರು ಅಣ್ಣ ತಂಗಿಗೆ ಅಂತಲೇ ಕಟ್ಟಿಕೊಟ್ಟ ಹಾಡನ್ನು ಅವಳು ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಚರಕದ ಪಕ್ಕದಲ್ಲೇ ಕೂತು ಟೇಪ್ ರೆಕಾರ್ಡರಿಗೆ ಹಾಡಿದಳು, ನನ್ನ ಸಾಲು ಬರುವ ಕಡೆಯೆಲ್ಲ ಸುಮ್ಮನಿದ್ದಳು, ಸುಮ್ಮನಾಗುವ ಮುಂಚೆ ಬಳೆಯಿಂದ ಟಕ್ ಟಕ್, ಈಗ ನೀನು ಭಾಯಿ, ನಾನು ಮಂಟಪದಲ್ಲಿ ಮೈಕ್ ಹಿಡಿದು ಆ ಖಾಲಿಯಲ್ಲಿ ಹಾಡಬೇಕು, ದನಿ ಹೊಸಿಲು ದಾಟಿತು, ಅವಳು ದಾಟಲಿಲ್ಲ, ಆಮೇಲೆ ಅಬ್ಬಾನೂ ಕೇಳಿ ಒಪ್ಪಿಕೊಂಡರು.

ಇನ್ನೊಂದು ಕ್ಯಾಸೆಟ್ಟಿಗೆ ತುಂಬಿಸಿಕೊಡ್ತೀನಿ ಕೊಡಣ್ಣ, ಡಬ್ಬಲ್ ಡೆಕ್ಕು, ಸುಲಭ, ಅಂತ ಚನ್ನಕೇಶವ ಆಗಲೇ ಕೇಳಿದ್ದ, ಬೇಡಪ್ಪ ಅಂದೆ, ಯಾಕಣ್ಣ ಅಂದ, ಏನಂತ ಹೇಳುವುದು, ಗೌಹರೇ ನನ್ನಿಂದ ಮಾತು ತೆಗೆದುಕೊಂಡಿದ್ದಳು, ನನ್ನ ದನಿ ಯಾರ ಯಾರ ಮನೆಗೋ ಹೋಗಬಾರದು ಭಾಯಿ, ನೀನು ಎಲ್ಲಿ ಹಾಡುತ್ತೀಯೋ ಅಲ್ಲಿ ಮಾತ್ರ ನಾನೂ ಹಾಡುತ್ತೀನಿ, ಆಯಿತು ಅಂದಿದ್ದೆ, ಮಾತಿಗೆ ತಪ್ಪಲಿಲ್ಲ, ಅದೊಂದು ನನ್ನ ದೊಡ್ಡಸ್ತಿಕೆ. ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಅಮ್ಮಿ ದಿನಾ ಆ ಹಾಡು ಹಾಕಿಸಿಕೊಂಡು ಕೂರುತ್ತಾಳೆ, ನನ್ನ ಸಾಲಿನ ಖಾಲಿ ಬಂದಾಗ ಮಗಳು ಏನೋ ಕೇಳಿದಳು ಅನ್ನುವ ಹಾಗೆ ಹೂಂ ಅನ್ನುತ್ತಾಳೆ, ಇವತ್ತು ಕ್ಯಾಸೆಟ್ ಕೊಡುವಾಗ ಕೈ ಬಿಡಲೇ ಇಲ್ಲ, ಹುಷಾರಪ್ಪ ವಜೀರ್, ಜೊತೇಲೇ ಕರ್ಕೊಂಡ್ ಬಾ, ತಗೊಂಡ್ ಬಾ ಅನ್ನಲಿಲ್ಲ, ಕರ್ಕೊಂಡ್ ಬಾ — ಮಾಸ್ಟರು ಕೀಬೋರ್ಡಿನಿಂದ ತಲೆ ಆಡಿಸಿದರು, ಡೆಕ್ಕಿನೊಳಗೆ ಚರಕದ ಗರಗರ ಶುರುವಾಯಿತು, ಯಾರದು ಬಾಗಿಲಲಿ ಅಂದಳು ಗೌಹರ್, ಆಹಾ, ಆ ದೊಡ್ಡ ಸ್ಪೀಕರಿನಲ್ಲಿ ಅವಳು ಉಸಿರು ಎಳೆದುಕೊಂಡದ್ದೂ ಕೇಳಿಸಿತು, ಟಕ್ ಟಕ್, ಅಣ್ಣ ಬಂದೀನಮ್ಮ ಅಂತ ನಾನು ಹಾಡಿದೆ, ಮುಂದಿನ ಕುರ್ಚಿಗಳಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು, ಹಿಂದೆ ನಿಂತ ಹುಡುಗರೂ ಸಿಳ್ಳೆ ನಿಲ್ಲಿಸಿದರು, ಮುಗಿದ ಮೇಲೆ ಇಡೀ ಮಂಟಪ ಒಂದೇ ಸಮನೆ, ಒನ್ಸ್ ಮೋರ್, ಒನ್ಸ್ ಮೋರ್, ಆರ್ಕೆಸ್ಟ್ರಾದವನಿಗೆ ಇದಕ್ಕಿಂತ ಬೇರೆ ಏನು ಬೇಕು, ಚನ್ನಕೇಶವ ಆಗಲೇ ಗುಂಡಿ ಒತ್ತಿ ಹಿಂದಕ್ಕೆ ಓಡಿಸುತ್ತಿದ್ದ, ಕಿರ್ರ್ ಅಂತ ಓಡಿತು, ಓಡಿ ಓಡಿ ಟಪ್ ಅಂದಿತು. ರಿಬ್ಬನ್ನು ತುಂಡಾಗಿತ್ತು.

ಬಿಡಣ್ಣ, ಏನಾಗಿಲ್ಲ, ನಾಳೆ ಚಿಂತಾಮಣಿ ರೇಡಿಯೋ ಅಂಗಡೀಲಿ ತೆಳ್ಳಗೆ ಟೇಪ್ ಅಂಟಿಸ್ಕೊಡ್ತಾರೆ, ಅಷ್ಟೊತ್ತು ಡಿಸ್ಕೋ ಹಾಕ್ತೀನಿ, ಅಂದ, ಸರಿಯಾಗಿಯೇ ಅಂದ, ಹೂಂ ಅಂದಿದ್ದರೆ ಮುಗಿದು ಹೋಗುತ್ತಿತ್ತು, ಜನ ಮಾತ್ರ ಒನ್ಸ್ ಮೋರ್ ಅನ್ನುತ್ತಲೇ ಇದ್ದರು, ಕುರ್ಚಿ ಬಡಿದರು, ನನಗೂ ಬೇಕಿತ್ತು, ಅವರಿಗಿಂತ ನನಗೇ ಹೆಚ್ಚು ಬೇಕಿತ್ತು, ಇನ್ನೊಂದು ಸಲ ಯಾರದು ಅನ್ನಲಿ, ಇನ್ನೊಂದು ಸಲ ಅಣ್ಣ ಅನ್ನುತ್ತೇನೆ, ಕೊಡೋ ಇಲ್ಲಿ ಅಂದೆ. ತುಂಡಾದ ಎಳೆ ಕಂಡರೆ ರೀಲರ್ ಕೈ ಸುಮ್ಮನಿರುತ್ತದೆಯೇ, ದಿನ ಬೆಳಗಾದರೆ ಅದೇ ಕೆಲಸ, ಎಳೆ ಕಿತ್ತುಹೋಗುವುದು, ತುದಿ ಹುಡುಕುವುದು, ಗಂಟು ಹಾಕುವುದು, ಗೌಹರ್ ಹಾಕುತ್ತಿದ್ದ ಗಂಟು ದೇವರಿಗೂ ಕಾಣಿಸುತ್ತಿರಲಿಲ್ಲ, ಕಣ್ಣಿಗೆ ಕಾಣಬಾರದು ಭಾಯಿ, ಉಗುರಿಗೆ ಸಿಗಬಾರದು, ಬೆರಳು ಒದ್ದೆ ಮಾಡ್ಕೋ, ಹೀಗೆ ಸುತ್ತು, ಹೀಗೆ ಎಳಿ, ಬಾಲ ಕಚ್ಚಿ ಉಗಿ, ನಾನು ಬೆರಳಿಗೆ ಎಂಜಲು ಹಚ್ಚಿದೆ, ಸುತ್ತಿದೆ, ಎಳೆದೆ, ಬಾಲ ಕಚ್ಚಿ ಉಗಿದೆ, ಅವಳೇ ಹಾಕಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ, ಎಳ್ಳಿಗಿಂತ ಸಣ್ಣದು, ಏನಣ್ಣ ಇದು, ಕ್ಯಾಸೆಟ್ಟಿಗೆ ಯಾರಾದ್ರೂ ಗಂಟು ಹಾಕ್ತಾರಾ, ಅಂತ ಚನ್ನಕೇಶವ ಬಾಯಿ ಬಿಟ್ಟ, ನೀ ಹಾಕಪ್ಪ, ನಲವತ್ತು ವರ್ಷದ ಚರಕ ಇದು, ನಮ್ಮ ಗಂಟು ಬಿಚ್ಚಲ್ಲ, ಅಂತ ಜಂಬ ಕೊಚ್ಚಿದೆ, ಅಯ್ಯೋ, ಎಷ್ಟು ಜಂಬ. ಗರಗರ ಬಂತು, ಯಾರದು ಬಾಗಿಲಲಿ ಬಂತು, ಟಕ್ ಟಕ್ ಬಂತು, ನಾನು ಹಾಡಿದೆ, ಎರಡನೇ ಸಲ ಯಾರದು ಅಂತ ತೆಗೆದಳು, ಯಾ — ಗಂಟು ಡೆಕ್ಕಿನ ಹೆಡ್ಡಿಗೆ ಬಂದು ಸಿಕ್ಕಿತು, ದಾಟಲಿಲ್ಲ, ಹಿಂದೆ ಮೋಟರು ಎಳೆಯುತ್ತಲೇ ಇತ್ತು, ಯಾ ದಪ್ಪಗಾಯಿತು, ಗಂಡಸಿನ ದನಿಯಾಯಿತು, ಆಮೇಲೆ ಯಾವುದೋ ದನ ಕೂಗಿದಂತಾಯಿತು, ಹುಡುಗರು ಹೋ ಅಂತ ನಕ್ಕರು, ನನ್ನ ತಂಗಿಯನ್ನು ನೋಡಿ ನಕ್ಕರು, ನಿಲ್ಸೋ ನಿಲ್ಸೋ ಅಂತ ಕೂಗುವಷ್ಟರಲ್ಲಿ ಇಡೀ ಹಾಡು ರೋಲರಿಗೆ ಸುತ್ತಿಕೊಂಡಿತ್ತು, ಕಿತ್ತು ಕಿತ್ತು ತೆಗೆದೆವು, ರಿಬ್ಬನ್ನು ಹಿಗ್ಗಿ ಹಿಗ್ಗಿ ದಾರವಾಗಿತ್ತು, ಸಾರಿ ಕಣಣ್ಣ, ಇದಿನ್ನ ಯಾರ ಕೈಲೂ ಆಗಲ್ಲ, ಅಂದ ಚನ್ನಕೇಶವ, ಮಾಸ್ಟರು ನನ್ನ ಮುಖ ನೋಡಲಿಲ್ಲ, ಕೀಬೋರ್ಡಿಗೆ ಬಟ್ಟೆ ಮುಚ್ಚಿದರು. ಗಂಟು ಹಾಕದೆ ಒಂದು ರಾತ್ರಿ ಸುಮ್ಮನಿದ್ದಿದ್ದರೆ ನಾಳೆ ಅವಳು ಹಾಡುತ್ತಿದ್ದಳು, ತಂಗಿಯನ್ನು ಕಾಮಾಲೆ ಕೊಂಡೊಯ್ದಿತು, ಅವಳ ದನಿಯನ್ನು ನಾನೇ ಕೊಂದೆ, ಅವಳೇ ಕಲಿಸಿಕೊಟ್ಟ ಗಂಟಿನಿಂದ ಕೊಂದೆ, ಈಗ ಸ್ಪೀಕರಿನಲ್ಲಿ ದಬ್ ದಬ್ ದಬ್, ಮಂಟಪ ಪೂರ್ತಿ ಕುಣಿಯುತ್ತಿದೆ, ಕಣ್ಣೊರೆಸಿಕೊಂಡ ಹೆಂಗಸರೂ ನಗುತ್ತಿದ್ದಾರೆ, ಅವರಿಗೇನು ಗೊತ್ತು, ನಾನು ಸ್ಟೇಜಿನ ಮೆಟ್ಟಿಲ ಮೇಲೆ ಕೂತಿದ್ದೇನೆ, ಮುಷ್ಟಿ ತುಂಬ ಕಂದು ದಾರ, ಬಾಣಲೆಯ ತಳದಲ್ಲಿ ಉಳಿದ ಕೆಟ್ಟ ರೇಷ್ಮೆಯ ಹಾಗೆ, ಮನೆಯಲ್ಲಿ ಟೇಪ್ ರೆಕಾರ್ಡರಿನ ಬಾಗಿಲು ತೆಗೆದಿಟ್ಟುಕೊಂಡು ಅಮ್ಮಿ ಕೂತಿರುತ್ತಾಳೆ, ನಾನು ಹೋಗಿ ಕದ ತಟ್ಟಬೇಕು, ಒಳಗಿನಿಂದ ಅವಳು ಯಾರದು ಅನ್ನುತ್ತಾಳೆ, ಯಾರದು ಬಾಗಿಲಲ್ಲಿ ಅನ್ನುತ್ತಾಳೆ, ನಾನು ಏನಂತ — ಕೆಂಪು, ಹಸಿರು, ದಾರದ ಮಧ್ಯೆ ಉಗುರಿಗೆ ಏನೋ ಸಿಕ್ಕಿತು, ಎಳ್ಳಿಗಿಂತ ಸಣ್ಣದು, ಎಳೆದೆ, ಇನ್ನೂ ಜೋರಾಗಿ ಎಳೆದೆ, ನೀಲಿ, ಬಿಚ್ಚಲಿಲ್ಲ, ಗಂಟು, ಗಂಟು ಮಾತ್ರ ಬಿಚ್ಚಲಿಲ್ಲ