ಓಣಿಗೆ ಅಡ್ಡ ನಿಂತವಳು

"ದಾರಿ ಬಿಡೇ ಹಾಪ್ಕಾ, ಹೊತ್ತು ಮುಳುಗ್ತಾ ಇದೆ," ಎಂದಳು ಸಲೊಮೇಯಾ.

ಹಾಪ್ಕಾ ಬಿಡಲಿಲ್ಲ. ಹೊಲಕ್ಕೆ ಹೋಗುವ ಓಣಿಯ ಬಾಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತೇ ಇದ್ದಳು. ಎದುರಿಗೆ ಊರಿನ ಹೆಂಗಸರೆಲ್ಲ ಪೀಡೆ ಅಟ್ಟುವ ಮಾಚಿಪತ್ರೆಯ ಕಟ್ಟು ಹಿಡಿದು ಬಂದಿದ್ದರು. ನಡುವೆ ಸಲೊಮೇಯಾಳ ಮಗಳು ತೆಕ್ಲಾ. ಅವಳ ಕೂದಲು ಬಿಚ್ಚಿ, ತಲೆಗೆ ಎಲೆಯ ದಂಡೆ ಇಟ್ಟು, ಈ ವರ್ಷದ ರುಸಾಲ್ಕಾ ಮಾಡಿದ್ದರು. ಮದುವೆಗೆ ಮುಂಚೆ ನೀರುಪಾಲಾದ ಹುಡುಗಿಯರು ರುಸಾಲ್ಕಾಗಳಾಗಿ ಬೇಸಿಗೆಯ ಈ ಒಂದು ವಾರ ಹೊಳೆಯಿಂದೆದ್ದು ಪೈರಿನಲ್ಲಿ ಸುಳಿದಾಡುತ್ತಾರೆ. ವಾರ ಮುಗಿದ ದಿನ ಊರಾಚೆ ಅಟ್ಟದಿದ್ದರೆ ಬೆಳೆಯೂ ಉಳಿಯದು, ಮಕ್ಕಳೂ ಉಳಿಯರು.

ಹಾಪ್ಕಾಳ ಮಗಳು ಉಲ್ಯಾನಾ ಹೋದ ಚಳಿಗಾಲದಲ್ಲಿ ಬಟ್ಟೆ ಜಾಲಿಸಲು ಹೋಗಿ, ಹೆಪ್ಪುಗಟ್ಟಿದ ಹೊಳೆ ಕಾಲಡಿ ಬಿರಿದು ಮುಳುಗಿದ್ದಳು. ಬೇಕೆಂದೇ ಬಿದ್ದಳು ಎಂದು ಯಾರೋ ಆಡಿದರು. ಅದಕ್ಕೇ ಪಾದ್ರಿ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ.

"ಹೋದ ವರ್ಷ ನೀನೇ ಮುಂದೆ ನಿಂತು ಅಟ್ಟಿದ್ಯಲ್ಲೇ?" ಎಂದಳು ಸಲೊಮೇಯಾ.

"ಅಟ್ಟಿದ್ದೆ. ಯಾರು ಹೆತ್ತ ಮಗಳು ಅಂತ ಕೇಳಿರ್ಲಿಲ್ಲ. ಈ ಸಲ ಗೊತ್ತು."

"ಅತ್ತು ಅತ್ತು ನಿನ್ ತಲೆ ಕೆಟ್ಟಿದೆ."

"ಅಳ್ತಿರೋರು ಯಾರೇ ಇಲ್ಲಿ?"

ಹಾಪ್ಕಾ ಗುಂಪಿನೊಳಗೆ ನುಗ್ಗಿದಳು. ತೆಕ್ಲಾಳ ಕೈ ಹಿಡಿದು ಊರಿನ ಕಡೆಗೇ ತಿರುಗಿಸಿಕೊಂಡಳು.

"ಅಯ್ಯೋ, ನನ್ ಮಗಳ ಕೈ ಬಿಡೇ!"

"ನಿನ್ ಮಗಳಾ? ಇಷ್ಟೊತ್ತೂ ರುಸಾಲ್ಕಾ, ರುಸಾಲ್ಕಾ ಅಂತ ಗಂಟ್ಲು ಹರ್ಕೊಂಡ್ರಲ್ಲ! ರುಸಾಲ್ಕಾ ಆದ್ರೆ ನನ್ನೋಳು. ಮನೆಗೆ ಕರ್ಕೊಂಡ್ ಹೋಗ್ತೀನಿ."

"ರುಸಾಲ್ಕಾನ ಊರೊಳಕ್ಕೆ ಕರ್ಕೊಂಡ್ ಹೋಗ್ತಿದಾಳಲ್ಲಪ್ಪ! ಪೈರೆಲ್ಲ ಸುಟ್ಟುಹೋಗತ್ತೆ!"

"ಹೋಗ್ಲಿ ಬಿಡು."

ಒಬ್ಬಳು ಮಾಚಿಪತ್ರೆ ಎತ್ತಿ ಬೀಸಿದಳು. ಏಟು ಹಾಪ್ಕಾಳ ಭುಜಕ್ಕೆ ಬಿತ್ತು. ಅವಳು ತಿರುಗಿಯೂ ನೋಡಲಿಲ್ಲ. ತೆಕ್ಲಾ ಕೊಸರಿಕೊಳ್ಳಬಹುದಿತ್ತು; ಹಿಡಿತ ಸಡಿಲವಾಗಿಯೇ ಇತ್ತು. ಆದರೆ ಉಲ್ಯಾನಾಳ ಜೊತೆ ಒಂದೇ ಬೆಂಚಿನ ಮೇಲೆ ಕೂತು ನೂಲು ತೆಗೆಯುತ್ತಿದ್ದ ಹುಡುಗಿ ಅವಳು.

"ಅಮ್ಮಾ, ನೀನು ನಡಿ," ಎಂದಳು, ಹಿಂತಿರುಗಿ. "ಇವತ್ತು ನಾನು ಹಾಪ್ಕಾ ಚಿಕ್ಕಮ್ಮನ ಮನೇಲೇ ಉಣ್ತೀನಿ."

ಮನೆಯಲ್ಲಿ ಹಾಪ್ಕಾ ಅವಳನ್ನು ಮೇಜಿನ ತುದಿಯ ಗೌರವದ ಜಾಗದಲ್ಲಿ, ದೇವರ ಪಟದ ಕೆಳಗೆ ಕೂರಿಸಿದಳು. ಒಲೆಯಿಂದ ರೊಟ್ಟಿ ತೆಗೆದು ಮುರಿದಿಟ್ಟಳು. ಹುಡುಗಿ ಊದಿ ಊದಿ ತಿಂದಳು. ಹೆಂಗಸರು ಬೇಲಿಯವರೆಗೆ ಬಂದು ನಿಂತರು. ಸಲೊಮೇಯಾ ಬೇಲಿಬಾಗಿಲ ಅಗುಳಿಯ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ.

ತೆರೆದ ಬಾಗಿಲಿಗೆ ಬೆನ್ನು ಹಾಕಿ ಹಾಪ್ಕಾ ಬಾಚಣಿಗೆ ಹುಡುಕಿ ತಂದಳು. ಬಿಚ್ಚಿದ ಕೂದಲನ್ನು ಎಡಗೈಯಲ್ಲಿ ಎತ್ತಿ ಹಿಡಿದು, ನೋಯದಂತೆ, ತುದಿಯಿಂದ ಸಿಕ್ಕು ಬಿಡಿಸತೊಡಗಿದಳು.