ಖಾಲಿ ಸೀಟಿನ ಅಳತೆ

ಬೆಳಿಗ್ಗೆ ಒಂಬತ್ತೂವರೆಗೆ, ಹೆಬ್ಬಾಳಕ್ಕೆ ಹೋಗುವ ಸರ್ವಿಸ್ ರಸ್ತೆಯಲ್ಲಿ ಗುರುಪಾದಪ್ಪನ ಬೈಕಿನ ಚೈನ್ ತುಂಡಾಯಿತು. ಟಪ್ ಎಂದು ಒಂದು ಸದ್ದು. ಆಮೇಲೆ ಇಂಜಿನ್ ಮಾತ್ರ ಕೂಗುತ್ತಿತ್ತು, ಗಾಡಿ ಮುಂದೆ ಹೋಗಲಿಲ್ಲ. ಹಿಂದಿದ್ದ ಕ್ಯಾಬ್ ಡ್ರೈವರ್ ಹಾರ್ನ್ ಹೊಡೆದು, ಕಿಟಕಿಯಿಂದ ಏನೋ ಬೈದು, ಪಕ್ಕಕ್ಕೆ ತಿರುಗಿಸಿಕೊಂಡು ಹೋದ. ಪುಣ್ಯಕ್ಕೆ ಚೈನ್ ಚಕ್ರಕ್ಕೆ ಸುತ್ತಿಕೊಳ್ಳಲಿಲ್ಲ. ಸುತ್ತಿಕೊಂಡಿದ್ದರೆ ಚಕ್ರ ನಿಂತಲ್ಲೇ ನಿಂತು, ಅವನು ಆ ಕ್ಯಾಬಿನ ಮುಂದೆ ಬೀಳುತ್ತಿದ್ದ.

ಗುರುಪಾದಪ್ಪ ಅಪಾರ್ಟ್‌ಮೆಂಟುಗಳ ಲಿಫ್ಟ್ ರಿಪೇರಿ ಮಾಡುವವನು. ಬಾಗಲಕೋಟೆ ಕಡೆಯಿಂದ ಯಲಹಂಕಕ್ಕೆ ಬಂದು ಇಪ್ಪತ್ತು ವರ್ಷವಾಗಿತ್ತು. ಗಾಡಿ ತಳ್ಳಿಕೊಂಡು ಹೋಗುವಾಗ ಸೂಪರ್‌ವೈಸರ್ ನಾಗಭೂಷಣ ಅವರ ಫೋನ್ ಬಂತು.

"ಎಲ್ಲಿದ್ದೀರಾ ಗುರುಪಾದಪ್ಪ?"

"ಸರ್, ಚೈನ್ ಕಟ್ಟಾತ್ರಿ. ತಳ್ಕೊಂಡು ಬರಾಕತ್ತೀನಿ."

"ಮತ್ತೆ ಚೈನಾ? ಒಬ್ರು ಅಜ್ಜಿ ಲಿಫ್ಟ್ ಒಳಗೆ ಸಿಕ್ಕೊಂಡು ಇಪ್ಪತ್ತು ನಿಮಿಷ ಆಯ್ತು ಕಣ್ರೀ! ಬಿಡಿ, ಬೇರೆಯವ್ರನ್ನ ಕಳಿಸ್ತೀನಿ. ಈ ವರ್ಷ ಇದು ಎರಡನೇ ಸಲ. ಇನ್ನೊಂದ್ ಸಲ ಹಿಂಗಾದ್ರೆ ನಿಮ್ಮನ್ನ ಗೋಡೌನ್‌ಗೆ ಹಾಕ್ಬಿಡ್ತೀನಿ. ಸಂಬಳ ಅದೇ ಇರುತ್ತೆ, ಬೇಜಾರು ಮಾಡ್ಕೋಬೇಡಿ."

ಸಂಬಳ ಅದೇ ಇರುತ್ತದೆ, ನಿಜ. ಆದರೆ ಗುರುಪಾದಪ್ಪನಿಗೆ ಬೇಕಾಗಿದ್ದು ಸಂಬಳವೊಂದೇ ಅಲ್ಲ. ಹೆಂಡತಿ ಪಾರವ್ವ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಮಕ್ಕಳಿರಲಿಲ್ಲ. ಮನೆಯ ಬೀಗ ತೆಗೆದ ಮೇಲೆ ಮರುದಿನ ಬೀಗ ಹಾಕುವವರೆಗೆ ಅವನಿಗೆ ಬಾಯಿ ತೆರೆಯುವ ಕೆಲಸವೇ ಇರಲಿಲ್ಲ. ದಿನಕ್ಕೆ ಅವನಾಡುವ ನಾಲ್ಕು ಮಾತೆಲ್ಲ ಲಿಫ್ಟಿನ ಬಾಗಿಲಲ್ಲೇ ಮುಗಿಯುತ್ತಿದ್ದವು. "ಹೆದರಬ್ಯಾಡ್ರಿ ತಾಯಿ, ನಾ ಇಲ್ಲೇ ಅದೀನಿ" ಎಂದು ಹೊರಗಿನಿಂದ ಹೇಳುತ್ತಿದ್ದ. ಒಳಗಿದ್ದವರು ಹೊರಬಂದು ಉಸಿರು ಬಿಟ್ಟು, ಅವನಿಗೂ ಒಂದು ಲೋಟ ಕಾಫಿ ತರಿಸಿ, "ನಿಮ್ದು ಯಾವೂರು?" ಎಂದು ಕೇಳುತ್ತಿದ್ದರು. ಗೋಡೌನಿನಲ್ಲಿ ಕೇಳುವವರು ಯಾರು? ಅಲ್ಲಿ ಇರುವುದು ರಟ್ಟಿನ ಪೆಟ್ಟಿಗೆಗಳು.

ಸಂಜೆ ಅವನು ತುಂಡಾದ ಚೈನನ್ನು ಚೀಲದಲ್ಲಿ ಹಾಕಿಕೊಂಡು ಹಳೆ ಯಲಹಂಕದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದ. ಕೌಂಟರಿನಲ್ಲಿ ಮಲ್ಕಾ ಇದ್ದಳು. ಐಟಿಐ ಓದಿ, ಆರು ವರ್ಷ ಸರ್ವಿಸ್ ಸೆಂಟರಿನಲ್ಲಿ ಸ್ಪ್ಯಾನರ್ ಹಿಡಿದು, ಈಗ ಈ ಅಂಗಡಿಗೆ ಬಂದವಳು.

"ಏನಣ್ಣಾ, ಹೋದ ವರ್ಷ ಒಂದು ತಗೊಂಡ್ರಿ, ಮಾರ್ಚ್‌ನಲ್ಲಿ ಒಂದು, ಈಗ ಇನ್ನೊಂದಾ? ಚೈನ್ ಏನು ಸೊಪ್ಪಾ, ಬಂದಾಗೆಲ್ಲ ಒಂದೊಂದು ಕಟ್ಟು ಕೊಡೋಕೆ?"

"ನಿಮ್ಮ ಮಾಲ ಸರಿ ಇಲ್ಲವ್ವಾ."

"ಇದೇ ಮಾಲು ಹಾಕ್ಕೊಂಡು ಹಾಲಿನವ್ರು ಮೂರು ವರ್ಷದಿಂದ ಓಡಿಸ್ತಿದಾರೆ. ನಿಮ್ಗೆ ಯಾರು ಹಾಕ್ಕೊಡೋದು?"

"ನಾನ ಹಾಕ್ತೀನಿ. ಇಪ್ಪತ್ತು ವರ್ಷ ಆತು, ಮತ್ತೊಬ್ಬರ ಕೈಯಾಗ ಕೊಟ್ಟಿಲ್ಲ."

ಮಲ್ಕಾ ಹಳೆಯ ಚೈನನ್ನು ಕೌಂಟರಿನ ಮೇಲೆ ಉದ್ದಕ್ಕೆ ಹರಡಿ, ಒಂದೊಂದೇ ಕೊಂಡಿಯನ್ನು ಬೆರಳಲ್ಲಿ ಆಡಿಸಿದಳು. "ಬಿಗಿ ಎಷ್ಟು ಇಡ್ತೀರಾ?"

"ಕೆಳಗಿನ ಚೈನಿನ ನಡುವ ಬೆರಳಿಟ್ಟು ಮ್ಯಾಲ ಎತ್ತಿದ್ರ ಎರಡು ಬೆರಳಿನಷ್ಟು ಆಡಬೇಕು. ಇಪ್ಪತ್ತು ವರ್ಷದ ಲೆಕ್ಕ ಅದು."

"ಎರಡು ಬೆರಳು ಇಡುವಾಗ ಗಾಡಿ ಮೇಲೆ ಯಾರಿರ್ತಾರೆ?"

"ಯಾರಿರ್ತಾರ? ಯಾರೂ ಇರಂಗಿಲ್ಲ."

"ಮೊದ್ಲಿಂದ್ಲೂ ಹಂಗೇನಾ?"

ಗುರುಪಾದಪ್ಪನಿಗೆ ಹಳೆಯ ಭಾನುವಾರಗಳು ನೆನಪಾದವು. ತಿಂಗಳಿಗೊಂದು ಭಾನುವಾರ ಅವನು ಅಂಗಳದಿಂದ "ಒಂದೀಟು ಬಾ ಇಲ್ಲೆ" ಎಂದು ಕೂಗುತ್ತಿದ್ದ. ಪಾರವ್ವ ಒಲೆಯ ಮೇಲೆ ಸಾರು ಬಿಟ್ಟು ಬಂದು, ಸೆರಗಿಗೆ ಕೈ ಒರೆಸಿಕೊಂಡು ಸೀಟಿನ ಮೇಲೆ ಕೂರುತ್ತಿದ್ದಳು. "ನನ್ನ ಕುಂದ್ರಿಸಿ ನೀವು ನೆಲದಾಗ ಏನ ಹುಡುಕ್ತೀರಿ?" ಎಂದು ಗೊಣಗುತ್ತಿದ್ದಳು. ಗಾಡಿ ಅಲ್ಲಾಡದಿರಲಿ ಎಂದು ಕೂರಿಸುತ್ತಿದ್ದೇನೆ ಎಂದೇ ಅವನೂ ತಿಳಿದಿದ್ದ.

"ನಮ್ಮಾಕಿ ಕುಂದರ್ತಿದ್ಲು," ಎಂದ.

ಮಲ್ಕಾ ಮೆತ್ತಗೆ ಹೇಳಿದಳು. "ಅಲ್ಲೇ ಆಗಿದ್ದು ಅಣ್ಣಾ. ಸೀಟ್ ಮೇಲೆ ತೂಕ ಬಿದ್ರೆ ಹಿಂದಿನ ಶಾಕ್ ಅಬ್ಸಾರ್ಬರ್ ಕೆಳಗೆ ಕೂರುತ್ತೆ, ಚೈನ್ ಬಿಗಿಯಾಗುತ್ತೆ. ನಿಮ್ಮ ಎರಡು ಬೆರಳು ಅಕ್ಕ ಕೂತಾಗಿನ ಲೆಕ್ಕ. ಈಗ ಖಾಲಿ ಗಾಡಿಗೂ ಅದನ್ನೇ ಇಡ್ತಿದೀರಾ. ನೀವು ಹತ್ತಿ ಕೂತ್ರೆ ಅರ್ಧ ಬೆರಳೂ ಉಳಿಯಲ್ಲ. ಒಂದೊಂದು ಗುಂಡಿಗೂ ಚೈನ್ ಜಗ್ಗುತ್ತೆ. ಸಡಿಲ ಆಗಿ ಹೋಗಿದ್ದಲ್ಲ ಇದು, ಬಿಗಿಯಾಗಿ ಹೋಗಿದ್ದು."

"ಒಬ್ಬರು ಕುಂತ್ರ ಅಷ್ಟು ಫರಕ ಬೀಳ್ತೈತೇನು? ಸುಮ್ನ ಹೇಳಬ್ಯಾಡ."

"ನೀವು ಲಿಫ್ಟ್ ಖಾಲಿ ಇಟ್ಕೊಂಡೇ ಟೆಸ್ಟ್ ಮಾಡಿ ಬರ್ತೀರಾ?"

ಗುರುಪಾದಪ್ಪ ತುಂಡಾದ ಚೈನಿನ ಕಡೆ ನೋಡಿದ. "ಇಲ್ಲ. ತೂಕ ಇಟ್ಟು ನೋಡ್ತೀವಿ."

ಮಲ್ಕಾ ಬರಿಯ ಚೈನ್ ಕೊಡಲಿಲ್ಲ. ಹಿಂದೆ ಮುಂದೆ ಎರಡೂ ಹಲ್ಲುಚಕ್ರ ಸೇರಿದ ಪೂರ್ತಿ ಸೆಟ್ ಕೊಟ್ಟಳು. "ಹಳೇ ಹಲ್ಲು ಕೊಕ್ಕೆ ತರ ಬಾಗಿದ್ರೆ ಹೊಸ ಚೈನನ್ನ ತಿಂದ್ಹಾಕುತ್ತೆ. ಮತ್ತೆ, ಇಂಜಿನ್ ಓಡ್ತಾ ಇರುವಾಗ ಬಟ್ಟೆ ಹಿಡಿದು ಚೈನ್ ಒರೆಸೋ ಚಾಳಿ ಇದ್ರೆ ಇವತ್ತೇ ಬಿಡಿ. ನಮ್ಮ ಸರ್ವಿಸ್ ಸೆಂಟರ್‌ನಲ್ಲಿ ಜಗನ್ ಅಂತ ಇದ್ದ, ಬಟ್ಟೆ ಜೊತೆ ಕೈಯೂ ಒಳಗೆ ಹೋಯ್ತು. ಕೀ ತೆಗೆದು ಜೇಬಿಗೆ ಹಾಕ್ಕೊಂಡೇ ಕೆಲಸಕ್ಕೆ ಕೂತ್ಕೊಳ್ಳಿ. ಅಂದ್ಹಾಗೆ, ಸೀಟ್ ಮೇಲೆ ಕೂರೋಕೆ ಮನೇಲಿ ಯಾರಾದ್ರೂ ಇದಾರಾ?"

"ನೋಡ್ತೀನಿ," ಎಂದು ಗುರುಪಾದಪ್ಪ ಹೊರಟ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಹಳೆ ಪೇಪರ್ ಹಾಸಿದ. ಗಾಡಿಯನ್ನು ಮೇನ್ ಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡ. ಎರಡೂ ಹಲ್ಲುಚಕ್ರ ಬದಲಾಯಿಸಿದ. ಹೊಸ ಚೈನಿನ ಕೊಂಡಿಗಳನ್ನು ಹಳೆಯದರ ಪಕ್ಕ ಇಟ್ಟು ಎಣಿಸಿ, ಸರಿಯಿದೆ ಎಂದಾದ ಮೇಲೆ ಜೋಡಿಸಿದ. ಜೋಡಣೆಯ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೇ ಇರುವಂತೆ ಹಾಕಿದ. ತಿರುಗಾಮುರುಗಾ ಹಾಕಿದರೆ ಓಡುವಾಗ ಕಳಚುತ್ತದೆ. ಚಕ್ರ ನೇರ ಇರಲೆಂದು ಅದರ ಎರಡೂ ಬದಿಯ ಅಳತೆ ಗೆರೆಗಳನ್ನು ಸಮ ಮಾಡಿ, ಮೊದಲ ಅಳತೆಗೆ ಖಾಲಿ ಗಾಡಿಯಲ್ಲೇ ಎರಡು ಬೆರಳು ಸಡಿಲ ಇಟ್ಟ. ಇಷ್ಟೆಲ್ಲ ಒಬ್ಬನೇ ಮಾಡಿದ.

ಇನ್ನು ಸೀಟಿನ ಮೇಲೆ ಒಬ್ಬರು ಕೂರಬೇಕು.

ಸ್ಪ್ಯಾನರ್ ಹಿಡಿದು ಬಹಳ ಹೊತ್ತು ನಿಂತ. ಪಾರವ್ವನನ್ನು ಮಣ್ಣು ಮಾಡಿ ಬಂದ ದಿನದಿಂದ ಅವನು ಆ ವಠಾರದಲ್ಲಿ ಯಾರನ್ನೂ ಏನನ್ನೂ ಕೇಳಿರಲಿಲ್ಲ. ಕೇಳಿದರೆ ಅಯ್ಯೋ ಪಾಪ ಅಂದಾರು ಎಂಬ ಅಂಜಿಕೆ. ಕೊನೆಗೆ ಒಳಗೆ ಹೋಗಿ ಇಪ್ಪತ್ತೈದು ಕೆಜಿ ಅಕ್ಕಿ ಮೂಟೆ ಹೊತ್ತು ತಂದು ಸೀಟಿಗೆ ಹಗ್ಗದಿಂದ ಕಟ್ಟಿದ. ಮೂಟೆ ಒಂದು ಕಡೆ ವಾಲಿತು. ನೆಟ್ಟಗೆ ಮಾಡಿದರೆ ಇನ್ನೊಂದು ಕಡೆ ವಾಲಿತು.

ಮನೆ ಓನರ್ ಮುನಿಗಂಗಮ್ಮ ಬಟ್ಟೆ ಒಣಗಿಸಲು ಬಂದವರು ನಿಂತು ನೋಡಿದರು.

"ಏನಪ್ಪಾ ಇದು, ಅಕ್ಕಿ ಮೂಟೆಗೆ ಗಾಡಿ ಕಲಿಸ್ತಿದೀಯಾ?"

ಗುರುಪಾದಪ್ಪನಿಗೆ ನಾಚಿಕೆಯಾಯಿತು. ನಾಲಿಗೆ ತಡವರಿಸಿತು. "ಅಮ್ಮಾರ... ಒಂದೀಟು ಈ ಸೀಟಿನ ಮ್ಯಾಲ ಕುಂದರ್ತೀರೇನು? ಚೈನ್ ಬಿಗಿ ನೋಡಬೇಕಿತ್ತು."

"ನಾನಾ? ಚೈನ್ ಆಕಾಕೆ ನಾನ್ಯಾಕೆ ಕುಂತ್ಕೋಬೇಕು? ಓದ ವಾರ ನಮ್ ಮಗ ಬಾಲರಾಜು ಒಬ್ನೇ ಆಕ್ಕೊಳ್ಳಿಲ್ವಾ? ನಾಕ್ ಜನ ನೋಡಿದ್ರೆ ನಗ್ತಾರೆ ಕಣಪ್ಪ."

ಗುರುಪಾದಪ್ಪ ಅಂಗಡಿಯಲ್ಲಿ ಕೇಳಿದ್ದನ್ನೆಲ್ಲ ಬಿಡಿಸಿ ಹೇಳಿದ. ಪಾರವ್ವ ಕೂರುತ್ತಿದ್ದುದನ್ನೂ ಹೇಳಿದ. ಮುನಿಗಂಗಮ್ಮ ಬಟ್ಟೆಯ ಬಕೆಟ್ ಕೆಳಗಿಟ್ಟರು.

ಅವನು ಮೂಟೆ ಬಿಚ್ಚಿ ಕೆಳಗಿಟ್ಟು, ಹಿಂದಿನ ಚಕ್ರದ ಅಚ್ಚಿನ ನಟ್ಟು ಬಿಗಿ ಮಾಡಿ, ಗಾಡಿಯನ್ನು ಇಳಿಸಿ ಕಟ್ಟೆಯ ಪಕ್ಕ ನಿಲ್ಲಿಸಿದ. ಅವರು ಗೋಡೆ ಹಿಡಿದು, ಕಟ್ಟೆಯ ಮೇಲೆ ಕಾಲಿಟ್ಟು ಕೂತರು. "ನನ್ ತೂಕ ತಡೀತದೇನಪ್ಪಾ ನಿನ್ ಗಾಡಿ?"

ಗುರುಪಾದಪ್ಪ ಬಗ್ಗಿ ಚೈನಿನ ಕೆಳಗೆ ಬೆರಳಿಟ್ಟು ಎತ್ತಿದ. ಆಡಲೇ ಇಲ್ಲ. ಸ್ವಲ್ಪ ಮುಂಚೆ ಇದ್ದ ಎರಡು ಬೆರಳಿನ ಸಡಿಲ ಪೂರಾ ಮಾಯವಾಗಿ, ಚೈನ್ ತಂತಿಯ ಹಾಗೆ ಸೆಟೆದು ನಿಂತಿತ್ತು. ಹದಿನಾಲ್ಕು ತಿಂಗಳು ತಾನು ಇದರ ಮೇಲೆ ಓಡಾಡಿದೆನಲ್ಲ ಎಂದುಕೊಂಡ.

ಅವರನ್ನು ಇಳಿಸಿ, ಸಡಿಲ ಮಾಡಿ, ಮತ್ತೆ ಕೂರಿಸಿದ. ಇನ್ನೂ ಬಿಗಿ. ಮತ್ತೆ ಇಳಿಸಿದ.

"ಅತ್ತೋದು ಇಳಿಯೋದು, ಅತ್ತೋದು ಇಳಿಯೋದು. ಒಳ್ಳೆ ಕೋತಿ ಆಡ್ಸಿದಂಗೆ ಆಡಿಸ್ತೀಯಲ್ಲೋ!" ಎಂದು ಬೈಯುತ್ತಲೇ ಅವರು ನಾಲ್ಕನೇ ಸಲ ಹತ್ತಿದರು. ಕೂತಲ್ಲಿಂದಲೇ ದನಿ ಇಳಿಸಿ ಹೇಳಿದರು. "ಪಾರವ್ವನ್ನ ಮಣ್ಣು ಮಾಡ್ದಾವತ್ತು ಸಾರು ತಂದು ಬಾಗ್ಲು ಬಡಿದೆ. ಒಳ್ಗೇ ಇದ್ದು ತೆಗೀಲಿಲ್ಲ ನೀನು. ಅದ್ಕೇ ಇನ್ನೊಂದ್ಸಲ ಬಡಿಯೋಕೆ ನಂಗೂ ಮನಸ್ಸು ಬರ್ಲಿಲ್ಲ."

ಗುರುಪಾದಪ್ಪ ತಲೆ ಎತ್ತಲಿಲ್ಲ. "ತಪ್ಪಾತ್ರಿ ಅಮ್ಮಾರ," ಎಂದ. ಚೈನ್ ಈಗ ಸರಿಯಾಗಿ ಎರಡು ಬೆರಳು ಆಡುತ್ತಿತ್ತು. ಅವರನ್ನು ಇಳಿಸಿ, ಗಾಡಿಯನ್ನು ಮತ್ತೆ ಸ್ಟ್ಯಾಂಡಿಗೆ ಹಾಕಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ನಾಲ್ಕು ಕಡೆ ನೋಡಿದ. ನಟ್ಟು ಬಿಗಿಮಾಡಿ, ಹಿಂದಿನ ಬ್ರೇಕನ್ನೂ ಹೊಂದಿಸಿ, ಬೀದಿಯಲ್ಲಿ ನಿಧಾನ ಒಂದು ಸುತ್ತು ಹಾಕಿ ಬಂದ.

ಮಂಗಳವಾರ ಸಂಜಯನಗರದ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ನಿಂತಿತು. ಹದಿನೆಂಟು ನಿಮಿಷಕ್ಕೆ ಅವನು ಬಾಗಿಲ ಮುಂದಿದ್ದ. ಅದಾಗಿ ಎಂಟು ತಿಂಗಳಾಯಿತು. ಅದೇ ಚೈನ್ ಓಡುತ್ತಿದೆ, ನಾಗಭೂಷಣ ಅವರು ಗೋಡೌನಿನ ಮಾತೆತ್ತಿಲ್ಲ. ಸಂಜೆ ಬೀಗ ತೆಗೆದರೆ ಮನೆ ಈಗಲೂ ಖಾಲಿಯೇ, ಅದನ್ನು ಯಾವ ಚೈನೂ ಸರಿಮಾಡದು. ಆದರೆ ತಿಂಗಳಿಗೊಮ್ಮೆ ಗುರುಪಾದಪ್ಪ ಮುನಿಗಂಗಮ್ಮನವರ ಮನೆಯ ಬಾಗಿಲು ತಟ್ಟುತ್ತಾನೆ.

ಬೈಕ್ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ಗಾಡಿಯಿಂದ ಗಾಡಿಗೆ ಅಳತೆ ಬೇರೆ. ಈ ಕಥೆಯ ಎರಡು ಬೆರಳನ್ನು ನಂಬಬೇಡಿ. ಚೈನ್ ಎಷ್ಟು ಸಡಿಲ ಇರಬೇಕು, ಗಾಡಿ ಖಾಲಿ ಇರುವಾಗ ನೋಡಬೇಕೋ ಕೂತಾಗ ನೋಡಬೇಕೋ ಎಂಬುದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ, ಅದರಂತೆಯೇ ಮಾಡಿ. ಆಮೇಲೆ ಒಬ್ಬರನ್ನು ಕೂರಿಸಿ ಇನ್ನೊಮ್ಮೆ ನೋಡಿ, ಚೈನ್ ಸೆಟೆದು ನಿಲ್ಲಬಾರದು. ಇಂಜಿನ್ ಓಡುವಾಗ ಚೈನಿನ ಹತ್ತಿರ ಕೈ ಒಯ್ಯಲೇಬೇಡಿ. ಅನುಮಾನ ಬಂದರೆ ಮೆಕ್ಯಾನಿಕ್ ಹತ್ತಿರ ಹೋಗಿ, ಅದರಲ್ಲಿ ಅವಮಾನವಿಲ್ಲ. ಮನೆಯಲ್ಲಿ ಒಬ್ಬರೇ ಇದ್ದೀರಾ? ಅಕ್ಕಿ ಮೂಟೆ ಕಟ್ಟಬೇಡಿ, ಪಕ್ಕದ ಮನೆಯವರನ್ನು ಕೂಗಿ. ಅವರು ನಗಬಹುದು, ಬೈಯಲೂಬಹುದು. ಆದರೆ ಬರುತ್ತಾರೆ.